ಅಂಚಿನಲ್ಲೊಂದು ಪ್ರಶ್ನಾರ್ಥಕ

ಗುರುಬಸಪ್ಪನವರ ಮನೆಗೆ ಭಾನುವಾರ ಬೆಳಿಗ್ಗೆ ಹೊಸಬರು ಯಾರಾದರೂ ಬಂದರೆ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಒಳಗಿಂದ ಒಂದು ಹೆಣ್ಣು ದನಿ, ಏರಿಲ್ಲ ಇಳಿವಿಲ್ಲ, "ಕಾಲರಾ ಕಾಮಾ ಪ್ಲೇಗು ಕಾಮಾ ಸಿಡುಬು ಮುಂತಾದ ರೋಗಗಳು ಫುಲ್‌ಸ್ಟಾಪ್ ಹೊಸ ಪ್ಯಾರಾ" ಅಂತ ಹೇಳುತ್ತಲೇ ಇರುತ್ತಿತ್ತು. ಮನೇಲಿ ಯಾರಿಗೋ ಏನೋ ಬಡಿದಿದೆ ಅಂದುಕೊಂಡು ಬಂದ ದಾರಿ ಹಿಡಿದವರೂ ಉಂಟು. ಯಾರಿಗೂ ಏನೂ ಆಗಿರಲಿಲ್ಲ. ಅಪ್ಪ ಪ್ರೂಫ್ ನೋಡುತ್ತಿದ್ದರು, ಮಗಳು ಕಾಪಿ ಹಿಡಿದಿದ್ದಳು, ಅಷ್ಟೇ.

ಚಾಮರಾಜಪೇಟೆಯ ದೊಡ್ಡದೊಂದು ಪ್ರೆಸ್ಸಿನಲ್ಲಿ ಗುರುಬಸಪ್ಪನವರು ಇಪ್ಪತ್ತೇಳು ವರ್ಷದಿಂದ ಪ್ರೂಫ್ ರೀಡರ್. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಲೇಖಕರ ಕೈಬರಹ ಹಿಡಿದು, ಚುಕ್ಕೆ ಕಾಮಾ ಒಂದೂ ಬಿಡದೆ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಾದ ಹಾಳೆ ಮೇಲೆ ಕಣ್ಣು ನೆಟ್ಟು ತಾಳೆ ನೋಡಬೇಕು. ಪ್ರೆಸ್ಸಿನಲ್ಲಿ ಕೆಲಸ ಹೆಚ್ಚಾದ ವಾರ ಅವರು ಹಾಳೆಗಳನ್ನು ಜಯನಗರದ ಮನೆಗೇ ತರುತ್ತಿದ್ದರು, ಕಾಪಿ ಓದೋಳು ಒಬ್ಬಳೇ ಮಗಳು ಜಯಶೀಲಾ. ಏಳನೇ ಕ್ಲಾಸಿನಿಂದ ಶುರುವಾದದ್ದು ಬಿ.ಎಸ್ಸಿ. ಮುಗಿದರೂ ನಿಂತಿರಲಿಲ್ಲ. ಓದುವಾಗ ರಾಗ ಎಳೆಯಬಾರದು, ಅರ್ಥಕ್ಕೆ ತಕ್ಕ ಹಾಗೆ ದನಿ ಏರಿಸಬಾರದು, ಅಂಕಿ ಬಂದರೆ ಒಂದೊಂದಾಗಿ ಬಿಡಿಸಿ ಹೇಳಬೇಕು. ನಾಟಕಕ್ಕೆ ಬೇಡ, ಹಾಡಿಗೆ ಬೇಡ, ಅಂಥ ದನಿಯೊಂದು ಆ ಹುಡುಗಿಗೆ ತಯಾರಾಗಿತ್ತು.

ಅದರ ಜೊತೆಗೆ ಇನ್ನೊಂದು ಪಾಠವೂ ತಯಾರಾಗಿತ್ತು. "ಮೊಳೆ ಜೋಡಿಸೋ ಕಂಪೋಸಿಟರ್ ತಪ್ಪು ಮಾಡಿದ್ರೆ ಕೆಂಪು ಇಂಕಲ್ಲಿ ತಿದ್ದು, ಅವನು ನಮ್ಮೋನು," ಅನ್ನೋರು ಗುರುಬಸಪ್ಪನವರು. "ಬರೆದೋರೇ ತಪ್ಪು ಬರೆದಿದ್ರೆ ತಿದ್ದೋಕೆ ನಾವ್ಯಾರು? ಅವರು ಡಾಕ್ಟ್ರು, ಪ್ರೊಫೆಸರು, ಲಾಯರ್ರು. ಅಂಚಿನಲ್ಲಿ ಪೆನ್ಸಿಲಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಹಾಕಿ ಮುಂದಕ್ಕೆ ಹೋಗಬೇಕು. ನೋಡಿದ್ರೆ ನೋಡ್ತಾರೆ, ಇಲ್ಲದಿದ್ರೆ ಅವರ ಹಣೇಬರಹ."

ದೊಡ್ಡವರ ತಪ್ಪಿಗೆ ಪೆನ್ಸಿಲು, ಚಿಕ್ಕವರ ತಪ್ಪಿಗೆ ಇಂಕು. ಜಯಶೀಲಾ ಇದನ್ನು ಪ್ರೆಸ್ಸಿನ ನಿಯಮ ಅಂತ ಕಲಿಯಲಿಲ್ಲ, ಲೋಕದ ನಿಯಮ ಅಂತಲೇ ಕಲಿತಳು. ಕಾಲೇಜಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ತಪ್ಪು ಬಿಡಿಸಿದರೆ ತನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಗುರುತು ಹಾಕಿ ಸುಮ್ಮನಾಗುತ್ತಿದ್ದಳು. ಇಡೀ ಕ್ಲಾಸು ತಪ್ಪು ಲೆಕ್ಕ ಬರೆದುಕೊಂಡು ಮನೆಗೆ ಹೋಗುತ್ತಿತ್ತು. ಒಳ್ಳೇ ಹುಡುಗಿ, ಎದುರು ಮಾತಾಡೋಳಲ್ಲ ಅಂತ ಬೀದಿಯೆಲ್ಲ ಹೊಗಳಿದ್ದೇ ಹೊಗಳಿದ್ದು. ಹೊಗಳೋಕೇನು, ಖರ್ಚಿಲ್ಲ.

ಇಂಥ ಹುಡುಗಿಗೆ ಆಕಾಶದ ಹುಚ್ಚು ಹಿಡಿಸಿದ್ದು ಮಹಡಿ ಮನೆಯ ಬದರಿನಾಥ. ಆತ ವಿಮಾನ ನಿಲ್ದಾಣದ ರೇಡಿಯೋ ವಿಭಾಗದಲ್ಲಿ ಟೆಕ್ನೀಷಿಯನ್. ಲಾಲ್‌ಬಾಗಿನ ಕಡೆಯಿಂದ ಬರೋ ಸಂಜೆಯ ವಿಮಾನ ಇವರ ತಾರಸಿಗೆ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನ ಆ ವಿಮಾನ ಇಳಿಯದೆ ಸುತ್ತು ಹಾಕಿದ್ದೇ ಹಾಕಿದ್ದು. ಬಟ್ಟೆ ತೆಗೆಯೋಕೆ ಮೇಲೆ ಬಂದಿದ್ದ ಜಯಶೀಲಾ ಕೆಟ್ಟುಹೋಗಿದೆಯಾ ಅಂತ ಕೇಳಿದಳು. ಬದರಿನಾಥ ನಕ್ಕ.

"ಕೆಟ್ಟಿಲ್ಲ ಕಣಮ್ಮ. ಕೆಳಗಡೆ ಟವರಲ್ಲಿ ಒಬ್ಬ ಕೂತಿದಾನೆ, ಕಾಯಿ ಅಂದಿದಾನೆ, ಕಾಯ್ತಾ ಇದೆ. ಪೈಲಟ್ಟು ಎಷ್ಟೇ ದೊಡ್ಡ ಕ್ಯಾಪ್ಟನ್ ಆಗಿರ್ಲಿ, ಒಳಗೆ ಮಿನಿಸ್ಟ್ರೇ ಕೂತಿರ್ಲಿ, ಅವನು ಇಳಿ ಅನ್ನೋವರೆಗೂ ಇಳಿಯೋ ಹಾಗಿಲ್ಲ."

ಬಕೆಟ್ಟು ಕೈಲಿ ಹಿಡಿದುಕೊಂಡೇ ಜಯಶೀಲಾ ಆ ವಿಮಾನ ಇಳಿಯೋವರೆಗೂ ನಿಂತಳು. ಕೆಳಗೆ ಕೂತ ಒಬ್ಬ ಮನುಷ್ಯ, ಕೈಲಿ ಏನೂ ಇಲ್ಲ, ಬರೀ ಮಾತು. ಆ ಮಾತು ಬಿಗಿಯಾಗಿದ್ದರೆ ನೂರು ಜನ ಮನೆ ಸೇರುತ್ತಾರೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು ಎರಡು ಸಲ ಸಾರಿನ ಬದಲು ಮಜ್ಜಿಗೆ ಬಡಿಸಿದಳು. ಆಸೆ ಅಂದರೆ ಆಸೆ, ಹೊಟ್ಟೇಲಿ ಕೂತುಬಿಟ್ಟಿತು.

ಎಪ್ಪತ್ತೆಂಟರಲ್ಲಿ ಪೇಪರಿನಲ್ಲಿ ಆ ಟವರಿನ ಕೆಲಸಕ್ಕೆ ಜಾಹೀರಾತು ಬಂತು. ಬದರಿನಾಥ ಕತ್ತರಿಸಿ ತಂದುಕೊಟ್ಟ. ಬರೆಯೋ ಪರೀಕ್ಷೆ, ಪಾಸಾದವರಿಗೆ ದನಿ ಪರೀಕ್ಷೆ, ಆಮೇಲೆ ಇಂಟರ್‌ವ್ಯೂ, ಕೊನೇಗೆ ಮೆಡಿಕಲ್. ತಾಯಿ ಬಸವಲಿಂಗಮ್ಮ, "ವಿಮಾನ ಹತ್ತಬೇಕಾ?" ಅಂತ ಒಂದೇ ಪ್ರಶ್ನೆ ಕೇಳಿದರು. ಹತ್ತೋ ಹಾಗಿಲ್ಲ, ಕೂತು ಮಾತಾಡೋದು ಅಂದಮೇಲೆ, "ಹಾಗಾದರೆ ನಮ್ಮ ಮನೇಲಿ ಮಾಡ್ತಿರೋದೇ ತಾನೆ" ಅಂದರು. ಗುರುಬಸಪ್ಪನವರು ಜಾಹೀರಾತನ್ನು ಎರಡು ಸಲ ಓದಿ, ಅದರಲ್ಲಿದ್ದ ಒಂದು ಅಚ್ಚಿನ ತಪ್ಪು ತೋರಿಸಿ, ಆಗಲಿ ಅಂದರು.

ಬರೆಯೋ ಪರೀಕ್ಷೆ ಅವಳಿಗೆ ನೀರು ಕುಡಿದ ಹಾಗಾಯಿತು. ಫಿಸಿಕ್ಸು, ಗಣಿತ, ಇಂಗ್ಲಿಷು, ಎಲ್ಲದರಲ್ಲೂ ಮುಂದು. ದನಿ ಪರೀಕ್ಷೆಗೆ ಮದ್ರಾಸಿನಿಂದ ಮೂರು ಜನರ ಬೋರ್ಡು ಬಂದು ಸರ್ಕಾರಿ ಕಟ್ಟಡವೊಂದರಲ್ಲಿ ಕೂತಿತ್ತು. ಒಂದು ರೂಮಿನಲ್ಲಿ ಅಭ್ಯರ್ಥಿ, ಅವಳ ಮುಂದೆ ಮೈಕು, ಸ್ಪೀಕರು, ಒಂದು ಹಾಳೆ, ಒಂದು ಪೆನ್ಸಿಲು. ಪಕ್ಕದ ರೂಮಿನಲ್ಲಿ ಅಧಿಕಾರಿಯೊಬ್ಬರು ಪೈಲಟ್ ಆಗಿ ಕೂತು ಮಾತಾಡುತ್ತಾರೆ. ಅಧಿಕಾರಿಯ ಹೆಸರು ತಿರುಮಲೇಶ, ಇಪ್ಪತ್ತು ವರ್ಷ ಟವರಿನಲ್ಲಿ ಕೂತು ತಲೆ ನರೆತವರು.

ಆಟದ ಕ್ರಮವನ್ನು ಮೊದಲೇ ತಿಳಿಸಿದರು. ನೀನು ಹೇಳಿದ್ದನ್ನು ಪೈಲಟ್ ತಿರುಗಿ ಹೇಳುತ್ತಾನೆ. ಅವನು ಸರಿಯಾಗಿ ಹೇಳಿದ ಮೇಲೇ ನಿನ್ನ ಮಾತು ಅವನಿಗೆ ಮುಟ್ಟಿತು ಅಂತ ಲೆಕ್ಕ. ಜಯಶೀಲಾಗೆ ಒಳಗೊಳಗೇ ಖುಷಿ. ಒಬ್ಬರು ಓದೋದು, ಇನ್ನೊಬ್ಬರು ತಾಳೆ ನೋಡೋದು, ಹನ್ನೆರಡು ವರ್ಷದಿಂದ ಇದೇ ತಾನೆ ಮಾಡಿದ್ದು.

ಮೊದಲ ಹತ್ತು ನಿಮಿಷ ಅವಳ ದನಿ ಕೇಳಿ ಬೋರ್ಡಿನವರು ಮೆಚ್ಚಿಗೆಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆಟದಲ್ಲಿ ಎರಡು ವಿಮಾನ ಬಂದವು. ಒಂದು ಐದು ಸಾವಿರ ಅಡಿ ಎತ್ತರದಲ್ಲಿ ಸುತ್ತುತ್ತಿದೆ, ಇನ್ನೊಂದು ಮೇಲಿನಿಂದ ಇಳಿಯುತ್ತಿದೆ. ಆ ಇಳಿಯುತ್ತಿರೋದಕ್ಕೆ ಅವಳು ಆರು ಸಾವಿರದವರೆಗೆ ಇಳಿ ಅಂದಳು. ಸ್ಪೀಕರಿನಲ್ಲಿ ತಿರುಮಲೇಶರ ದಪ್ಪ ದನಿ, ನಿಧಾನವಾಗಿ, ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ, ಐದು ಸಾವಿರಕ್ಕೆ ಇಳಿಯುತ್ತಿದ್ದೇನೆ ಅಂತ ತಿರುಗಿ ಹೇಳಿತು.

ಜಯಶೀಲಾ ಗಮನಿಸದೆ ಇರಲಿಲ್ಲ. ಆ ಕ್ಷಣಕ್ಕೇ ಗಮನಿಸಿದಳು. ಗಮನಿಸಿ, ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಪ್ರಶ್ನಾರ್ಥಕ ಹಾಕಿ, ಮುಂದಿನ ವಾಕ್ಯಕ್ಕೆ ಹೋದಳು. ಪರೀಕ್ಷೆ ಮುಗಿಸಿ ಎದ್ದಾಗ ಅವಳ ಮುಖದಲ್ಲಿ ಗೆದ್ದ ಕಳೆ ಇತ್ತು.

ತಿರುಮಲೇಶರು ಪಕ್ಕದ ರೂಮಿನಿಂದ ಬಂದು ಹಾಳೆ ಕೈಗೆತ್ತಿಕೊಂಡರು. ಆ ಗುರುತಿನ ಮೇಲೆ ಬೆರಳಿಟ್ಟು, "ಇದೇನಮ್ಮ?" ಅಂತ ಕನ್ನಡದಲ್ಲೇ ಕೇಳಿದರು.

"ಸಾರ್, ನಾನು ಆರು ಸಾವಿರ ಅಂದೆ, ತಾವು ಐದು ಅಂದ್ರಿ. ಗುರುತು ಹಾಕ್ಕೊಂಡೆ. ಮುಗಿದ ಮೇಲೆ ತಮ್ಮನ್ನ ಕೇಳೋಣ ಅಂತ."

"ಅಂದ್ರೆ ಆಗ್ಲೇ ಗೊತ್ತಾಗಿತ್ತು."

"ಆಗ್ಲೇ ಗೊತ್ತಾಯ್ತು ಸಾರ್."

ಅವರು ಬಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ನಾನು ಮೇಲೆ ವಿಮಾನದಲ್ಲಿದೀನಿ. ನಿನ್ನ ಪೆನ್ಸಿಲ್ ಗುರುತು ನನಗೆ ಕಾಣುತ್ತಾ?" ಅಂದರು. ಆಮೇಲೆ ಗಡಿಯಾರ ನೋಡಿದರು. "ನಾಲ್ಕು ನಿಮಿಷ ಆಯ್ತು. ಎರಡು ವಿಮಾನವೂ ಇಲ್ಲ ಈಗ. ಗೊತ್ತಾಗದೇ ಇದ್ದಿದ್ರೆ ಕಲಿಸಬಹುದಿತ್ತು. ಗೊತ್ತಾಗಿ ಸುಮ್ಮನಿದ್ದೀಯಲ್ಲ, ಅದನ್ನ ನಾವು ಕಲಿಸೋಕಾಗಲ್ಲ. ವಯಸ್ಸು ಇನ್ನೊಂದು ಸಲಕ್ಕೆ ಇದೆ ನಿನಗೆ. ಕಲಿತ್ಕೊಂಡು ಬಾ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ಅವಳು ಅಳಲಿಲ್ಲ, ಸೌತ್ ಎಂಡ್ ಸರ್ಕಲ್‌ನಲ್ಲಿ ಇಳಿದು ಮನೆವರೆಗೂ ಅಳಲಿಲ್ಲ. ಅಪ್ಪನಿಗೆ ನಡೆದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು, ಕಾಪಿ ಓದುವ ದನಿಯಲ್ಲೇ. "ಪ್ರಶ್ನಾರ್ಥಕ ಹಾಕಿದ್ದೆಯಾ?" ಅಂದರು ಗುರುಬಸಪ್ಪನವರು. ಹೂಂ ಅಂದಳು. ಅವರು ಎದ್ದು ಹಿತ್ತಲಿಗೆ ಹೋಗಿ ಸುಮ್ಮಸುಮ್ಮನೆ ಕೈಕಾಲು ತೊಳೆದುಕೊಂಡು ಬಂದರು. ಮಗಳ ಸೋಲಿನಲ್ಲಿ ತನ್ನ ಕೈ ಇದೆ ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮುಂದಿನ ಕರೆ ಬರೋದಕ್ಕೆ ವರ್ಷದ ಮೇಲೆ ಹಿಡಿಯಿತು. ಈ ಸಲವೂ ಬರೆದದ್ದು ಪಾಸಾಯಿತು. ಇದು ತಪ್ಪಿದರೆ ವಯಸ್ಸು ಮೀರಿತು, ಇನ್ನು ಆ ಬಾಗಿಲು ತೆಗೆಯೋ ಹಾಗಿಲ್ಲ. ಕಲಿಯಬೇಕಾದದ್ದು ಒಂದೇ ವಿದ್ಯೆ, ದೊಡ್ಡವರ ತಪ್ಪನ್ನು ಅವರ ಬಾಯಿ ಮುಚ್ಚೋದರೊಳಗೆ ತಪ್ಪು ಅನ್ನೋದು. ಅದಕ್ಕೆ ಟವರಿನಲ್ಲಿ ಒಂದೇ ಮಾತು, "ನೆಗೆಟಿವ್". ನೆಗೆಟಿವ್ ಅನ್ನು, ಸರಿಯಾದದ್ದನ್ನು ಇನ್ನೊಂದು ಸಲ ಹೇಳು. ಪೈಲಟ್ ಸರಿಯಾಗಿ ತಿರುಗಿ ಹೇಳಿದರೆ, ಸರಿ ಅನ್ನು. ಕ್ಷಮೆ ಇಲ್ಲ, ದಯವಿಟ್ಟು ಇಲ್ಲ, ಸಾರ್ ಕೂಡ ಇಲ್ಲ.

ಮೊದಲು ಬದರಿನಾಥನ ಹೆಂಡತಿ ಚೂಡಾಮಣಿಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದಳು. ಚೂಡಾಮಣಿ ಅವಳ ವಾರಗೆಯವಳು. ಅಂಥವಳಿಗೆ ನೆಗೆಟಿವ್ ಅನ್ನೋಕೆ ಜಯಶೀಲಾಗೆ ಏನೂ ಕಷ್ಟ ಆಗಲಿಲ್ಲ, ನಗುನಗುತ್ತಾ ಮೂವತ್ತು ಸಲ ಅಂದಳು. ಬದರಿನಾಥ ಕೂತ, ಅವನಿಗೂ ಅಂದಳು, ಸ್ವಲ್ಪ ತಡವಾಗಿ. "ಇದರಿಂದ ಆಗಲ್ಲ ಶೀಲಾ," ಅಂದ ಆತ. "ನಿನಗೆ ಯಾರ ಮುಂದೆ ನಾಲಿಗೆ ಏಳಲ್ವೋ ಅವರನ್ನ ಕೂರಿಸ್ಕೋ."

ಹಾಗೆ ಗುರುಬಸಪ್ಪನವರು ಪೈಲಟ್ ಆದರು.

ಆದರು ಅಂದರೆ ಸುಲಭಕ್ಕೆ ಆಗಲಿಲ್ಲ. ಕಾಪಿ ಇಲ್ಲದೆ ನಾನು ಕೂರಲ್ಲ ಅಂದರು. ಆದ್ದರಿಂದ ಜಯಶೀಲಾ ತಾನು ಹೇಳಬೇಕಾದ ಆದೇಶಗಳನ್ನೆಲ್ಲ ಟೈಪ್ ಮಾಡಿಸಿ ತಂದಳು. ಮೇಲಿನ ಪ್ರತಿ ಅವಳಿಗೆ, ಕಾರ್ಬನ್ ಪ್ರತಿ ಅಪ್ಪನಿಗೆ. ತಪ್ಪು ಹೇಳಬೇಕಾದ ಕಡೆ ಅವರು ತಮ್ಮ ಹಾಳೆಯಲ್ಲಿ ಮೊದಲೇ ಕೆಂಪು ಚುಕ್ಕೆ ಇಟ್ಟುಕೊಳ್ಳೋದು. ಎಷ್ಟು ಚುಕ್ಕೆ, ಎಲ್ಲಿ ಚುಕ್ಕೆ, ಅವಳಿಗೆ ಗೊತ್ತಿಲ್ಲ. ಅವರು ನಡುಮನೆಯಲ್ಲಿ ಪರದೆಯ ಆಚೆ ಕೂರೋದು, ಅವಳು ಅಡುಗೆಮನೆಯ ಹೊಸ್ತಿಲ ಹತ್ತಿರ. ಕೊನೆಗೆ ಅವಳು ತಡೆದದ್ದಕ್ಕೂ ಕೆಂಪು ಚುಕ್ಕೆಗೂ ತಾಳೆ ನೋಡೋದು. ಇಪ್ಪತ್ತೇಳು ವರ್ಷ ತಪ್ಪು ಹುಡುಕಿದ ಮನುಷ್ಯ ಈಗ ಕೂತು ತಪ್ಪು ಮಾಡುತ್ತಿದ್ದರು. ಅದನ್ನೂ ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರು ಅಂದರೆ, ಶನಿವಾರ ರಾತ್ರಿಯೇ ಚುಕ್ಕೆ ಇಟ್ಟು ಮಲಗುತ್ತಿದ್ದರು.

ಮೊದಲ ಭಾನುವಾರ ಪೂರಾ ಹಾಳಾಯಿತು. ಅಪ್ಪ ತಪ್ಪು ಹೇಳಿದ ತಕ್ಷಣ ಅವಳು "ಅಪ್ಪಾ... ಅದು..." ಅನ್ನೋದರೊಳಗೆ ಪರದೆಯಾಚೆಯಿಂದ, "ಬಿದ್ದೋಯ್ತು ವಿಮಾನ" ಅಂತ ದನಿ. ಇನ್ನೊಂದು ಆದೇಶ, ಇನ್ನೊಂದು ತಪ್ಪು. "ಅಪ್ಪಾ, ಅಲ್ಲ..." "ಇದೂ ಬಿತ್ತು." ಹನ್ನೊಂದು ಗಂಟೆ ಹೊತ್ತಿಗೆ ಒಂಬತ್ತು ವಿಮಾನ ಬಿದ್ದಿದ್ದವು. ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದ ಬಸವಲಿಂಗಮ್ಮ ತಡೆಯಲಾರದೆ, "ಇವರಿಗೆ ತಪ್ಪು ಅನ್ನೋಕೆ ಇಷ್ಟು ಕಷ್ಟ ಏನೇ? ನಾನು ದಿನಾ ಹತ್ತು ಸಲ ಅಂತೀನಿ" ಅಂದರು.

"ನಿಂದು ಬೇರೆ ಲೈಸೆನ್ಸು," ಅಂದರು ಪರದೆಯಾಚೆಯಿಂದ ಗುರುಬಸಪ್ಪನವರು.

ಕಲಿಯೋದಕ್ಕಿಂತ ಕಲಿತದ್ದನ್ನು ಬಿಡೋದು ಕಷ್ಟ. ಆದರೂ ವಾರದಿಂದ ವಾರಕ್ಕೆ ನಾಲಿಗೆ ಸಡಿಲಾಯಿತು. ಎರಡನೇ ತಿಂಗಳಿಗೆ "ನೆಗೆಟಿವ್ ಅಪ್ಪಾ" ಅನ್ನೋವರೆಗೆ ಬಂದಳು. "ಅಪ್ಪಾ ತೆಗಿ, ಅಲ್ಲಿ ಯಾರೂ ನಿನಗೆ ಅಪ್ಪ ಅಲ್ಲ," ಅಂತ ಅವರೇ ಬೈದರು. ಮೂರನೇ ತಿಂಗಳಿಗೆ ಅದೂ ಹೋಯಿತು. ಪ್ರತಿ ಸಲ ಆ ಮಾತು ಬಾಯಿಂದ ಬಿದ್ದಾಗ ಅವಳಿಗೆ ಒಳಗೆ ಚುರುಕ್ ಅನ್ನುತ್ತಿತ್ತು. ಅವರಿಗೋ, ಪ್ರತಿ ಸಲ ಮಗಳು ತಡೆದಾಗ ಪರದೆಯ ಆಚೆ ಮೀಸೆ ಕುಣಿಯುತ್ತಿತ್ತು.

ಆ ದಿನಗಳಲ್ಲಿ ಗುರುಬಸಪ್ಪನವರು ನಡುಮನೆಯ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಿದ್ದರು. ವೋಲ್ಟೇಜ್ ಕಮ್ಮಿ, ಈ ಬಲ್ಬುಗಳು ಮೊದಲಿನ ಹಾಗಿಲ್ಲ ಅಂತ ಗೊಣಗುತ್ತಿದ್ದರು. ಬಲ್ಬು ಬದಲಾಯಿಸಿಕೊಟ್ಟರೆ ಅದೂ ಸರಿಯಿಲ್ಲ. ಐವತ್ತಾರು ವಯಸ್ಸು, ಗೊಣಗಾಟ ಇದ್ದದ್ದೇ ಅಂತ ಮಗಳು ತಲೆಗೆ ಹಾಕಿಕೊಳ್ಳಲಿಲ್ಲ. ಪ್ರೆಸ್ಸಿನಲ್ಲಿ ಆಗ ಅವರ ಮೇಜಿನ ಮೇಲೆ ಇದ್ದದ್ದು ನರ್ಸುಗಳ ಕೈಪಿಡಿ, ಯಾವ ಔಷಧಿ ಎಷ್ಟು ತೂಕಕ್ಕೆ ಎಷ್ಟು ಕೊಡಬೇಕು ಅನ್ನೋ ಪಟ್ಟಿಗಳ ಪುಸ್ತಕ. ಬುಧವಾರ ಅಚ್ಚಿಗೆ ಹೋಗಬೇಕು ಅಂತ ಮಾಲೀಕರು ಅವಸರ ಮಾಡುತ್ತಿದ್ದರು.

ದನಿ ಪರೀಕ್ಷೆ ಗುರುವಾರ ಅಂತ ಕಾಗದ ಬಂತು. ಅದಕ್ಕೆ ಮುಂಚಿನ ಭಾನುವಾರ ಕೊನೆಯ ಅಭ್ಯಾಸಕ್ಕೆ ಕೂತರು. ಅವತ್ತು ಜಯಶೀಲಾಗೆ ಎಲ್ಲವೂ ಕೈಗೂಡಿತ್ತು. ಅಪ್ಪ ಇನ್ನೂ ಅಂಕಿ ಮುಗಿಸಿರಲಿಲ್ಲ, ಅವಳು ನೆಗೆಟಿವ್ ಅಂದಾಗಿರುತ್ತಿತ್ತು. ಏಳು ಸಲ ತಡೆದಳು. ಏಳು ಸಲವೂ ದನಿ ನಡುಗಲಿಲ್ಲ. ಮುಗಿಸಿ, ಪರದೆ ಸರಿಸಿಕೊಂಡು, ನಗುತ್ತಾ ಒಳಗೆ ಬಂದಳು.

ಗುರುಬಸಪ್ಪನವರು ನಗುತ್ತಿರಲಿಲ್ಲ.

"ನಾನು ಇಟ್ಟಿರೋದು ನಾಲ್ಕು ಚುಕ್ಕೆ," ಅಂದರು. "ಏಳು ಸಲ ತಡೆದೆ. ಮೂರು ಸಲ ಸರಿ ಇದ್ದಿದ್ದನ್ನ ತಪ್ಪು ಅಂದಿದೀಯ."

"ಇಲ್ಲ ಅಪ್ಪಾ, ನೀವು..."

"ಏನು ಇಲ್ಲ? ಬಾಯಿ ಬಂತು ಅಂತ ಕಂಡಕಂಡಿದ್ದಕ್ಕೆಲ್ಲ ತಪ್ಪು ಅನ್ನೋದಾ? ತಪ್ಪನ್ನ ಬಿಟ್ಟರೆ ಒಂದು ವಿಮಾನ ಹೋಗುತ್ತೆ. ಸರಿಯನ್ನ ತಪ್ಪು ಅಂದ್ರೆ ಇನ್ನು ಯಾವ ಪೈಲಟ್ಟೂ ನಿನ್ನ ಮಾತು ನಂಬಲ್ಲ. ಇಷ್ಟು ದಿನ ಕೂತಿದ್ದೆಲ್ಲ ನೀರಲ್ಲಿ ಹೋಮ ಆಯ್ತು."

ಜಯಶೀಲಾ ತನ್ನ ಹಾಳೆಯ ಕಡೆ ನೋಡಿದಳು. ಗುರುವಾರ ಪರೀಕ್ಷೆ, ಭಾನುವಾರ ಹೀಗೆ. ಕಿವಿ ಕೈಕೊಟ್ಟಿತಾ? ಅವಸರ ಮಾಡಿದೆನಾ? ಹಳೇ ಹುಡುಗಿ ಒಳಗಿನಿಂದ ಎದ್ದು ಬಂದಳು: ಇರಬಹುದು ಅಪ್ಪಾ, ನಂದೇ ತಪ್ಪು ಅನ್ನು, ಮುಗಿಯಿತು. ಬಾಯಿ ತೆರೆದೂ ಆಗಿತ್ತು. ಆದರೆ ತಾಳೆ ನೋಡದೆ ಒಪ್ಪೋದು ಅವಳಿಗೆ ಗೊತ್ತಿರಲಿಲ್ಲ. ಅಪ್ಪನ ಕೈಲಿದ್ದ ಕಾರ್ಬನ್ ಪ್ರತಿಯನ್ನು ತೆಗೆದುಕೊಂಡು, ತನ್ನ ಹಾಳೆಯ ಪಕ್ಕದಲ್ಲಿಟ್ಟು ನೋಡಿದಳು.

ಮೊದಲ ಕಡೆ ಎರಡು ಮೂರು ಸೊನ್ನೆ ಅಂತ ಇತ್ತು. ಅಪ್ಪ ಓದಿದ್ದು ಎರಡು ಎಂಟು ಸೊನ್ನೆ. ಎರಡನೇ ಕಡೆ ಒಂದು ಸೊನ್ನೆ ಒಂದು ಮೂರು. ಅಪ್ಪ ಓದಿದ್ದು ಎಂಟು. ಮೂರನೇದೂ ಮೂರೇ, ಓದಿದ್ದು ಎಂಟೇ. ಮೂರರ ಹತ್ತಿರ ಎಲ್ಲೂ ಕೆಂಪು ಚುಕ್ಕೆ ಇರಲಿಲ್ಲ. ಅವಳ ಬಾಯಿಂದ ಬಂದದ್ದಕ್ಕಿಂತ ಕೈಲಿದ್ದ ಹಾಳೆಯನ್ನೇ ನಂಬಿ, ಸರಿಯಾಗಿಯೇ ಓದುತ್ತಿದ್ದೇನೆ ಅಂದುಕೊಂಡು ಅವರು ಓದಿದ್ದರು.

"ತೋರಿಸು," ಅಂದರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಹಿಡಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಎಂಟೇ ಅಲ್ವಾ ಇದು," ಅಂದರು. ದನಿಯಲ್ಲಿ ಆಗಿನ ಸಿಟ್ಟು ಇರಲಿಲ್ಲ.

ಬಸವಲಿಂಗಮ್ಮ ಕೈಯ ಹಿಟ್ಟು ಕೂಡ ತೊಳೆಯದೆ ಹೊಸ್ತಿಲಿಗೆ ಬಂದಿದ್ದರು. "ಬಿಡೇ ಶೀಲಾ," ಅಂದರು ಅವಸರದಲ್ಲಿ. "ಕಾರ್ಬನ್ನೇ ಮಸುಕು. ಈಗಿನ ಕಾರ್ಬನ್ನೆಲ್ಲ ಹಾಗೇ."

ಜಯಶೀಲಾ ತಾಯಿಯ ಮುಖ ನೋಡಿದಳು. ಅವ್ವನಿಗೆ ಗೊತ್ತಿದೆ. ಎಷ್ಟು ದಿನದಿಂದಲೋ ಗೊತ್ತಿದೆ. ತನಗೆ ಮಾತ್ರ ಗೊತ್ತಾಗಲಿಲ್ಲ, ವಾರವಾರವೂ ಎದುರಿಗೆ ಕೂತು ಕಾಪಿ ಓದಿದರೂ ಗೊತ್ತಾಗಲಿಲ್ಲ. ತಾನು ಓದುತ್ತಿದ್ದಳು, ಅವರು ಹೂಂ ಅನ್ನುತ್ತಿದ್ದರು. ಆ ಹೂಂಗಳ ಹಿಂದೆ ಕಣ್ಣು ಇತ್ತೋ ಇಲ್ಲವೋ ಯಾರು ಬಲ್ಲರು. ಆ ಔಷಧಿಯ ಪಟ್ಟಿಗಳಲ್ಲಿ ಎಷ್ಟು ಮೂರು ಎಂಟಾಗಿ ಕೂತಿವೆಯೋ. ಯಾವುದೋ ಊರಿನ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಆ ಪುಸ್ತಕ ತೆಗೆದು ನೋಡಿ, ಸಿರಿಂಜಿಗೆ ಔಷಧಿ ತುಂಬುತ್ತಾಳೆ.

ಕಾರ್ಬನ್ ಮಸುಕು ಅಂದುಬಿಟ್ಟರೆ ಆಯಿತು. ಅವ್ವ ಮಾತನ್ನು ತಯಾರಿಸಿ ಕೈಗೆ ಕೊಟ್ಟಿದ್ದಾಳೆ. ಅಪ್ಪನ ಮರ್ಯಾದೆ ಉಳಿಯುತ್ತದೆ, ಭಾನುವಾರದ ಊಟ ಉಳಿಯುತ್ತದೆ. ಪ್ರೆಸ್ಸಿನಲ್ಲಿ ಇನ್ನೆರಡು ವರ್ಷ, ಕಣ್ಣೇ ಬಂಡವಾಳವಾದ ಕೆಲಸ. ಅದು ಹೋಯಿತು ಅಂದರೆ ಗುರುಬಸಪ್ಪ ಅನ್ನೋ ಮನುಷ್ಯನಲ್ಲಿ ಏನು ಉಳಿಯಿತು? ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು. ನಾಳೆ ಹೇಳೋಣ, ಪರೀಕ್ಷೆ ಆದಮೇಲೆ ಹೇಳೋಣ, ಬದರಿನಾಥನ ಕೈಲಿ ಹೇಳಿಸೋಣ. ಹೀಗೆ ಯೋಚಿಸೋದಕ್ಕೆ ಹಿಡಿದದ್ದು ಎರಡು ಉಸಿರು. ಎರಡು ಉಸಿರು ತಡವಾಯಿತು ಅಂತ ಅವಳಿಗೆ ಗೊತ್ತಾಯಿತು.

"ಕಾರ್ಬನ್ ಅಲ್ಲ," ಅಂದಳು. "ಅಪ್ಪಾ, ನಿಮಗೆ ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಕಾಣ್ತಿಲ್ಲ."

ಕಾಪಿ ಓದುವ ದನಿಯಲ್ಲೇ ಬಂತು, ಏರಿಲ್ಲ ಇಳಿವಿಲ್ಲ. ಬಸವಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಹಡಿಯ ಮೇಲೆ ಚೂಡಾಮಣಿ ಏನೋ ಕುಟ್ಟುತ್ತಿದ್ದದ್ದು ಕೇಳುತ್ತಿತ್ತು.

ಗುರುಬಸಪ್ಪನವರು ಕೈಲಿದ್ದ ಹಾಳೆಯನ್ನು ನೋಡುತ್ತಾ ಕೂತರು. ಗದರುತ್ತಾರೆ ಅಂತ ತಾಯಿ ಅಂದುಕೊಂಡರು, ಎದ್ದು ಹಿತ್ತಲಿಗೆ ಹೋಗುತ್ತಾರೆ ಅಂತ ಮಗಳು ಅಂದುಕೊಂಡಳು. ಅವರು ಎರಡೂ ಮಾಡಲಿಲ್ಲ. ನಾಲ್ಕು ತಿಂಗಳ ಅಭ್ಯಾಸವೋ ಏನೋ, ತಲೆ ಎತ್ತದೆ, ನಿಧಾನವಾಗಿ, ಕೇಳಿಸಿಕೊಂಡ ಮಾತನ್ನು ತಿರುಗಿ ಹೇಳಿದರು.

"ನನಗೆ ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಕಾಣ್ತಿಲ್ಲ."

ಇನ್ನು ಅವಳು ಹೇಳಬೇಕಾದದ್ದು ಒಂದೇ ಮಾತು. ಹೇಳದಿದ್ದರೆ ಮುಗಿಯೋ ಹಾಗಿಲ್ಲ.

"ಸರಿ," ಅಂದಳು ಜಯಶೀಲಾ. ಅಂದಮೇಲೆ ಅಪ್ಪನ ಮಂಡಿಯ ಹತ್ತಿರ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟರು. "ಪುಸ್ತಕ ಬುಧವಾರ ಅಚ್ಚಿಗೆ ಹೋಗುತ್ತೆ" ಅಂದರು, ಯಾರಿಗೂ ಅಲ್ಲ.

ಗುರುವಾರ ತಿರುಮಲೇಶರು ಪಕ್ಕದ ರೂಮಿನಿಂದ ನಾಲ್ಕು ಸಲ ತಪ್ಪು ಹೇಳಿದರು. ಅವರಿಗೆ ಕಳೆದ ಸಲದ ಹುಡುಗಿಯ ನೆನಪಿತ್ತು, ಬೇಕೆಂದೇ ದನಿ ದಪ್ಪ ಮಾಡಿದರು, ಒಂದು ಸಲ ಗದರಿಯೂ ನೋಡಿದರು. ನಾಲ್ಕೂ ಸಲ ಅವರ ಮಾತು ಮುಗಿಯೋದರೊಳಗೆ ಅವಳು ತಡೆದಳು. ಕೊನೆಯಲ್ಲಿ ಅವರು ಹೊರಗೆ ಬಂದು ಹಾಳೆ ನೋಡಿದರು. ಅಂಚು ಖಾಲಿ ಇತ್ತು. ಎಲ್ಲಿ ಕಲಿತೆ ಅಂತ ಕೇಳಿದರು. ಮನೇಲಿ ಸಾರ್ ಅಂದಳು. ಇಂಟರ್‌ವ್ಯೂ, ಮೆಡಿಕಲ್ ಎಲ್ಲ ಮುಗಿದು, ಎರಡು ತಿಂಗಳಿಗೆ ಅಲಹಾಬಾದಿಗೆ ತರಬೇತಿಗೆ ಬರಬೇಕು ಅಂತ ಆರ್ಡರ್ ಬಂತು.

ಆದರೆ ಆ ಗುರುವಾರಕ್ಕೂ ಮೊದಲು ಸೋಮವಾರ ಬಂದಿತ್ತು. ಅವತ್ತು ಗುರುಬಸಪ್ಪನವರು ಎಂದಿಗಿಂತ ಅರ್ಧ ಗಂಟೆ ಮುಂಚೆ ಹೊರಟರು. ಮಗಳು ನಾನೂ ಬರ್ತೀನಿ ಅಂದದ್ದಕ್ಕೆ ಬೇಡ ಅಂದರು. ಪ್ರೆಸ್ಸಿನಲ್ಲಿ ತಮ್ಮ ಮೇಜಿಗೆ ಹೋಗಲಿಲ್ಲ, ನೇರ ಮಾಲೀಕರ ರೂಮಿಗೆ ಹೋಗಿ ನಿಂತರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ನರ್ಸುಗಳ ಪುಸ್ತಕವನ್ನು ಬುಧವಾರ ಅಚ್ಚಿಗೆ ಕಳಿಸಬೇಡಿ, ಆರು ತಿಂಗಳಿಂದ ನಾನು ಸಹಿ ಹಾಕಿದ ಹಾಳೆಗಳನ್ನೆಲ್ಲ ಕಣ್ಣು ಸರಿ ಇರೋ ಇನ್ನೊಬ್ಬರ ಕೈಲಿ ಮತ್ತೆ ಓದಿಸಿ ಅಂದರು. ಮಾಲೀಕರು ಗಾಬರಿಯಾಗಿ, ಏನಾಯ್ತು, ಯಾರು ಹೇಳಿದ್ದು ಇದನ್ನ ಅಂತ ಕೇಳಿದರು.

"ನನ್ನ ಮಗಳು ಹೇಳಿದಳು," ಅಂದರು ಗುರುಬಸಪ್ಪನವರು. "ಅವಳು ತಾಳೆ ನೋಡಿದ್ದಾಳೆ."